ನಾಯಿಯನ್ನು ಆರಿಸುವ ಮುನ್ನ ಮನೆಯನ್ನು ಅರಿಯಿರಿ

ಮನೆಯಲ್ಲಿ ನಾಯಿಯೊಂದನ್ನು ಸಾಕಬೇಕೆಂದಿದ್ದೇವೆ, ಯಾವ ಜಾತಿಯದನ್ನು ತರುವುದು ಲೇಸು ಎಂದು ಕೇಳುವ ಸದ್ಗೃಹಸ್ಥರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಹೊಲ, ಕಣ, ದನದ ಕೊಟ್ಟಿಗೆಗಳಿದ್ದ ಮನೆಯಲ್ಲಿ ನಾಯಿ ತಾನಾಗಿಯೇ ಇರುತ್ತಿತ್ತು. ಅದಕ್ಕೊಂದು ಕೆಲಸವಿತ್ತು, ತಿರುಗಾಡಲು ಬಯಲಿತ್ತು, ಉಣ್ಣಲು ರೊಟ್ಟಿ ಮಜ್ಜಿಗೆಯಿತ್ತು. ಇಂದು ಮನೆ ಚಿಕ್ಕದಾಗಿದೆ. ಗಂಡಹೆಂಡಿರಿಬ್ಬರೂ ದುಡಿಯಲು ಹೊರಗೆ ಹೋಗುತ್ತಾರೆ. ನಾಯಿಯನ್ನು ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ಆದುದರಿಂದ ಈ ತಿಂಗಳು ಈ ವಿಷಯವನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ನಾಯಿಯ ಅಂದಚೆಂದವನ್ನು ನೋಡುವ ಮೊದಲು ಮನೆಯ ಶಕ್ತಿಯನ್ನು ನೋಡಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಇಲ್ಲಿ ಹಾಸಿಗೆಯೆಂದರೆ ಹಣವೊಂದೇ ಅಲ್ಲ. ಬಿಡುವು, ಅಂಗಳ, ಆಹಾರ ಮತ್ತು ತಾಳ್ಮೆ.

ನಾಯಿಯ ಗುಣವನ್ನರಿತು ಅದನ್ನು ಬಯಸುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇದಕ್ಕೆ ಸಾಕ್ಷಿಯಾಗಿದೆ. ಕ್ರಿ.ಶ. ೯೪೯-೫೦ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಮಣಲೇರನು ಯೋಧ, ಕಾಳಿಯು ಬೇಟೆಗಾರ್ತಿ. ಅವರಿಬ್ಬರ ಬಾಳುವೆ ಒಂದಕ್ಕೊಂದು ಹೊಂದುವಂಥದು. ಕಚೇರಿಯಲ್ಲಿ ಕುಳಿತು ದುಡಿಯುವ ಗೃಹಸ್ಥನು ಕಾಳಿಯಂಥ ನಾಯಿಯನ್ನು ತಂದು ಮೂರನೆಯ ಮಹಡಿಯ ಮನೆಯಲ್ಲಿ ಕಟ್ಟಿದರೆ ಇಬ್ಬರಿಗೂ ನೆಮ್ಮದಿಯಿಲ್ಲ.

ಪ್ರತಿಯೊಂದು ತಳಿಯನ್ನೂ ಮನುಷ್ಯನು ಒಂದಲ್ಲ ಒಂದು ಕೆಲಸಕ್ಕಾಗಿ ಬೆಳೆಸಿದ್ದಾನೆ. ಆ ಕೆಲಸವನ್ನು ನಾವು ಮರೆತರೂ ನಾಯಿಯ ರಕ್ತ ಮರೆಯುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿರಿ. ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಲ್ಲಿ ಹೆಸರಾದ ಈ ತಳಿಯ ಚಿತ್ರವನ್ನು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚುಹಾಕಲಾಯಿತು; ೨೦೧೬ರಲ್ಲಿ ಸೇನೆಯು ತರಬೇತಿಗೆ ತೆಗೆದುಕೊಂಡಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಇದೆಲ್ಲವೂ ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಹೆಮ್ಮೆಗಾಗಿ ನಾಯಿ ಸಾಕಬಾರದು. ಮುಧೋಳ ನಾಯಿ ಕಣ್ಣಿಗೆ ಬಿದ್ದುದರ ಬೆನ್ನಟ್ಟಿ ಓಡುವ ಬೇಟೆನಾಯಿ. ಕೋಳಿಯಿರಲಿ, ಬೆಕ್ಕಿರಲಿ, ಓಡಿದುದನ್ನೆಲ್ಲ ಹಿಂಬಾಲಿಸುತ್ತದೆ. ದಿನವೂ ಮನದಣಿಯೆ ಓಡಲು ಬೇಲಿಯಿರುವ ಬಯಲು ಬೇಕು. ಅಪರಿಚಿತರು ಮೈ ಮುಟ್ಟುವುದು ಅದಕ್ಕೆ ಸೇರದು. ತೋಟದಲ್ಲಿ ವಾಸಿಸುವ ರೈತ ಕುಟುಂಬಕ್ಕೆ ಅದು ರತ್ನ. ಪಟ್ಟಣದ ಇಕ್ಕಟ್ಟಿನ ಮನೆಗೆ ಅದು ತಕ್ಕುದಲ್ಲ.

ಲ್ಯಾಬ್ರಡಾರ್ ನಾಯಿ ಬೇಟೆಗಾರನು ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರಲು ಬೆಳೆಸಿದ ತಳಿ. ಸ್ವಭಾವ ಸೌಮ್ಯ, ಮಕ್ಕಳಿರುವ ಮನೆಗೆ ಒಪ್ಪುತ್ತದೆ. ಆದರೆ ಬಂದವರನ್ನೆಲ್ಲ ಬಾಲವಾಡಿಸಿ ಬರಮಾಡಿಕೊಳ್ಳುವ ಈ ಪ್ರಾಣಿಯಿಂದ ಕಾವಲನ್ನು ಹೆಚ್ಚಾಗಿ ನಿರೀಕ್ಷಿಸಬಾರದು. ಹಾಕಿದಷ್ಟೂ ತಿನ್ನುವ ಗುಣವಿರುವುದರಿಂದ ನಡಿಗೆ ತಪ್ಪಿದರೆ ಬೊಜ್ಜು ಬಂದು ಕೀಲುಗಳು ಕೆಡುತ್ತವೆ. ಜರ್ಮನ್ ಶೆಫರ್ಡ್ ಕುರಿ ಕಾಯುವ ನಾಯಿ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಸೇನಾಧಿಕಾರಿ ೧೮೯೯ರಲ್ಲಿ ಆ ತಳಿಯನ್ನು ವ್ಯವಸ್ಥೆಗೊಳಿಸಿದನು. ಬಹು ಬುದ್ಧಿಶಾಲಿ. ಆದರೆ ಕಲಿಸುವವರಿಲ್ಲದೆ, ಕೆಲಸವಿಲ್ಲದೆ ಸರಪಳಿಯಲ್ಲಿ ಬಿದ್ದಿದ್ದರೆ ಅದರ ಬುದ್ಧಿಯೇ ಸಿಡುಕಾಗುತ್ತದೆ.

ಇನ್ನು ನೋಟಕ್ಕೆ ಮರುಳಾಗಿ ತರುವ ನಾಯಿಗಳ ವಿಚಾರ. ಸೈಬೀರಿಯನ್ ಹಸ್ಕಿಯು ಹಿಮದ ಮೇಲೆ ಬಂಡಿಯೆಳೆಯುವ ನಾಯಿ. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯ್ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ೪೦ ಡಿಗ್ರಿ ಮೀರುವ ಕಲಬುರಗಿ, ರಾಯಚೂರಿನಂಥ ಊರುಗಳಿಗೆ ದಟ್ಟ ತುಪ್ಪಟದ ಆ ಪ್ರಾಣಿಯನ್ನು ತರುವುದು ಅದಕ್ಕೆ ಕೊಡುವ ಶಿಕ್ಷೆಯೇ ಸರಿ. ೨೦೦೩ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಬಾಲಕನ ಹಿಂದೆ ನಡೆದ ಪಗ್ ನಾಯಿ ದೇಶದ ಮನೆಮನೆಗೂ ಪರಿಚಯವಾಯಿತು. ಮೂತಿ ಚಪ್ಪಟೆಯಾಗಿರುವುದರಿಂದ ಉಸಿರಾಟ ಅದಕ್ಕೆ ಕಷ್ಟ, ಸೆಕೆಯಲ್ಲಂತೂ ಪ್ರಾಣಾಪಾಯ. ಜಾಹೀರಾತಿನಲ್ಲಿ ಅದರ ಏದುಸಿರು ಯಾರಿಗೂ ಕೇಳಿಸಲಿಲ್ಲ.

ಹಾಗಾದರೆ ಸಾಮಾನ್ಯ ಕುಟುಂಬಕ್ಕೆ ಯಾವುದು ಯೋಗ್ಯ? ಪಮೇರಿಯನ್ ಎಂದು ನಮ್ಮಲ್ಲಿ ಕರೆಯುವ ಬಿಳಿಯ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಸ್ ತಳಿಯದು. ಚಿಕ್ಕ ಮನೆಗೂ ಹೊಂದುತ್ತದೆ. ಬೊಗಳುವುದು ಹೆಚ್ಚಾದುದರಿಂದ ನೆರೆಹೊರೆಯವರ ನಿದ್ರೆಯನ್ನೂ ಎಣಿಸಿ ತರಬೇಕು. ಅದಕ್ಕಿಂತಲೂ ಮೊದಲು ನಾವು ಸೂಚಿಸುವುದು ನಾಡನಾಯಿಯನ್ನು. ಈ ನೆಲದ ಬಿಸಿಲುಮಳೆಗೆ ಅದರ ಮೈ ತಾನೇ ಒಗ್ಗಿದೆ. ಕೂದಲು ಗಿಡ್ಡ, ಕಿವಿ ಚುರುಕು. ಬೆಳೆದ ನಾಯಿಯನ್ನೇ ಆರಿಸಿದರೆ ಅದರ ಸ್ವಭಾವವೂ ಮೊದಲೇ ತಿಳಿಯುತ್ತದೆ. ವಯಸ್ಸಾದ ದಂಪತಿಗಳಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಕಾಲಿಗೆ ತೊಡರಿ ಕುಣಿಯುವ ಮರಿಯಿಂದ ಅವರು ಬೀಳುವ ಅಪಾಯವುಂಟು. ಬೀದಿನಾಯಿಗಳ ಪ್ರಕರಣದಲ್ಲಿ ೨೦೨೫ರ ಆಗಸ್ಟ್ ೨೨ರಂದು ಆದೇಶ ನೀಡಿದ ಸರ್ವೋಚ್ಚ ನ್ಯಾಯಾಲಯವು, ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ನಾಯಿಗಳನ್ನು ದತ್ತು ಪಡೆಯಬಹುದೆಂದಿತು. ಪಡೆದವರು ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕೆಂದೂ ವಿಧಿಸಿತು. ಈ ಎರಡನೆಯ ಮಾತೇ ಮುಖ್ಯವಾದುದು.

ಸಸ್ಯಾಹಾರದ ಮನೆಗಳಲ್ಲಿ ಏಳುವ ಶಂಕೆಯೊಂದುಂಟು: ಮಾಂಸವಿಲ್ಲದೆ ನಾಯಿ ಬದುಕೀತೆ? ಬೆಕ್ಕಿಗೆ ಮಾಂಸ ಅನಿವಾರ್ಯ; ನಾಯಿಗೆ ಹಾಗಲ್ಲ. ಸಾವಿರಾರು ವರ್ಷ ಮನುಷ್ಯನ ಅನ್ನವನ್ನು ಹಂಚಿಕೊಂಡುದರಿಂದ, ತೋಳಕ್ಕಿಂತ ಹೆಚ್ಚಾಗಿ ಹಿಟ್ಟಿನ ಪದಾರ್ಥವನ್ನು ಅರಗಿಸುವ ಶಕ್ತಿ ನಾಯಿಗೆ ಬಂದಿದೆಯೆಂದು ೨೦೧೩ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆ ತೋರಿಸಿದೆ. ಆದರೆ ಬರಿಯ ಅನ್ನಹಾಲು ಸಾಲದು. ಬೇಳೆ, ಮೊಸರು, ಪನೀರುಗಳಂಥ ಪುಷ್ಟಿಯ ಆಹಾರ ಸಮತೂಕವಾಗಿರಬೇಕು. ಬೆಳೆಯುವ ಮರಿಗಂತೂ ಪಶುವೈದ್ಯರಲ್ಲಿ ಮನೆಯ ಆಹಾರಪದ್ಧತಿಯನ್ನು ಮುಚ್ಚಿಡದೆ ಹೇಳಿ ಅವರ ಸಲಹೆಯಂತೆ ಉಣಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಪಲ್ಯ ಸಾರುಗಳು ನಾಯಿಯ ರಕ್ತಕ್ಕೆ ಕೇಡು. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಬ್ಬದ ಪಾಯಸವನ್ನು ಪ್ರೀತಿಯಿಂದ ಇಡಹೋಗಿ ಪ್ರಾಣಕ್ಕೆ ಸಂಚಕಾರ ತರಬಾರದು.

ರೋಗದ ವಿಷಯದಲ್ಲಿ ಉದಾಸೀನ ಸಲ್ಲದು. ಹುಚ್ಚುನಾಯಿ ರೋಗದ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಆದುದರಿಂದ ಮರಿಗೆ ಮೂರು ತಿಂಗಳಾದಾಗ ಅದರ ಲಸಿಕೆಯನ್ನು ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ೧೫ ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಮೆತ್ತುತ್ತ ಕುಳಿತಿರಬಾರದು. ಎಷ್ಟೇ ಸಾಧುವಾದ ನಾಯಿಯಾದರೂ ಹಸುಗೂಸಿನೊಡನೆ ಒಂಟಿಯಾಗಿ ಬಿಡಬಾರದು. ತಾಯಿಯಿಂದ ಮರಿಯನ್ನು ಎಂಟು ವಾರಕ್ಕೆ ಮೊದಲು ಅಗಲಿಸಬಾರದು. ಸಾಧ್ಯವಾದರೆ ತಾಯಿನಾಯಿಯನ್ನು ಕಣ್ಣಾರೆ ನೋಡಿಯೇ ಮರಿಯನ್ನು ತರಬೇಕು.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ, ನಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬುದು. ಮಕ್ಕಳು ಹಟ ಹಿಡಿಯುತ್ತಾರೆ, ತಂದೆ ಹಣ ಕೊಡುತ್ತಾನೆ, ಕೊನೆಗೆ ಊಟ, ಸ್ನಾನ, ಕಸ, ಕೂದಲು ಎಲ್ಲವೂ ಗೃಹಿಣಿಯ ಪಾಲಿಗೆ ಬೀಳುತ್ತವೆ. ಅವಳ ಒಪ್ಪಿಗೆಯಿಲ್ಲದೆ ತಂದ ನಾಯಿ ಅವಳ ಮೇಲೆ ಹೇರಿದ ಹೊರೆ. ಪೂಜೆಯ ಕೋಣೆಯ ಬಳಿ ನಾಯಿ ಸುಳಿಯುವುದು ಹಿರಿಯರಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನೂ ತರುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ತಂದ ಮೇಲೆ ಜಗಳವಾಡಿದರೆ ಮೂಕಪ್ರಾಣಿ ಅಂಗಳದ ಬಿಸಿಲಿಗೆ ಬೀಳುತ್ತದೆ. ನಾಯಿಯ ಆಯುಸ್ಸು ಸುಮಾರು ೧೦ರಿಂದ ೧೪ ವರ್ಷ. ಐದನೆಯ ತರಗತಿಯ ಬಾಲಕ ಕೇಳಿದನೆಂದು ತಂದ ನಾಯಿ, ಅವನು ಕಾಲೇಜಿಗೆಂದು ಪರಸ್ಥಳಕ್ಕೆ ಹೋದಾಗ ಮುದಿತನದ ಹೊಸ್ತಿಲಲ್ಲಿರುತ್ತದೆ. ಆಗ ಊರ ಹೊರಗೆ ಬಿಟ್ಟು ಬರುವ ಕ್ರೂರಕಾರ್ಯವನ್ನು ಸುಶಿಕ್ಷಿತರೂ ಮಾಡುವುದುಂಟು. ನಂಬಿದ ಜೀವವನ್ನು ನಡುದಾರಿಯಲ್ಲಿ ಬಿಡುವುದಕ್ಕಿಂತ ಮೊದಲೇ ತಾರದಿರುವುದು ಮೇಲು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಸೂಚನೆ. ನಾಯಿಯನ್ನು ತರುವ ಮೊದಲು ಹದಿನೈದು ದಿನ ಅದು ಮನೆಯಲ್ಲಿದೆಯೆಂದೇ ಭಾವಿಸಿ ನಡೆಯಿರಿ. ಬೆಳಗಿನ ಆರು ಗಂಟೆಗೆ ಎದ್ದು ಅರ್ಧ ಗಂಟೆ ನಡೆದು ಬನ್ನಿರಿ, ಸಂಜೆಯೂ ಹಾಗೆಯೇ ಮಾಡಿರಿ. ಊರಿಗೆ ಹೋಗುವ ದಿನ ಅದನ್ನು ಯಾರಿಗೆ ಒಪ್ಪಿಸುವಿರೆಂದು ಗೊತ್ತುಮಾಡಿಕೊಳ್ಳಿರಿ. ಆಹಾರ, ಲಸಿಕೆ, ವೈದ್ಯರಿಗೆ ತಗಲುವ ಹಣವನ್ನು ಬೇರೆ ತೆಗೆದಿಡಿರಿ. ಹದಿನಾರನೆಯ ದಿನವೂ ಮನೆಮಂದಿಯ ಉತ್ಸಾಹ ಕುಂದದಿದ್ದರೆ ನಾಯಿಯನ್ನು ನೋಡಲು ಹೊರಡಿರಿ. ಕುಂದಿದ್ದರೆ ಬೇಸರ ಬೇಡ. ಬೇಸಿಗೆಯಲ್ಲಿ ಬಾಗಿಲ ಹೊರಗೆ ಒಂದು ಬಟ್ಟಲು ನೀರಿಡಿರಿ. ಅಷ್ಟನ್ನು ತಪ್ಪದೆ ನಡೆಸಿಕೊಂಡು ಬಂದರೂ ಆ ಬೀದಿಯ ಪ್ರಾಣಿಗಳಿಗೆ ನಿಮ್ಮಿಂದ ಉಪಕಾರವಾದಂತೆಯೇ ಸರಿ.