ಬಟ್ಟಲಿನ ಮೇಲಿನ ಬಾವಲಿ

ಬಾವಲಿ ಮನೆಯೊಳಕ್ಕೆ ಬಂದರೆ ಅಪಶಕುನವೆಂದು ಹೆದರುವವರು ನಮ್ಮಲ್ಲಿ ಇಂದಿಗೂ ಉಂಟು. ಚೀನಾದ ಚಕ್ರವರ್ತಿಗಳಾದರೋ ತಮ್ಮ ಪಿಂಗಾಣಿ ಬಟ್ಟಲುಗಳ ಮೇಲೆ ಬಾವಲಿಗಳನ್ನು ಆದರದಿಂದ ಬರೆಯಿಸುತ್ತಿದ್ದರು. ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ‘ಫು’ ಎಂಬ ಒಂದೇ ಉಚ್ಚಾರವಿರುವುದೇ ಇದಕ್ಕೆ ಕಾರಣ. ಐದು ಬಾವಲಿಗಳಿದ್ದರೆ ಅವು ಪಂಚಭಾಗ್ಯಗಳು: ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣದಲ್ಲಿ ಪ್ರೀತಿ, ಮುಪ್ಪಿನಲ್ಲಿ ಅನಾಯಾಸವಾದ ಮರಣ. ಹಾಗೆಯೇ ಮೀನು ಸಮೃದ್ಧಿಯನ್ನೂ ಪೀಚ್ ಹಣ್ಣು ದೀರ್ಘಾಯುಷ್ಯವನ್ನೂ ಹಾರೈಸುತ್ತಿದ್ದುವು.

ಹಾರೈಕೆಯಷ್ಟೇ ಅಲ್ಲ, ಅಂತಸ್ತೂ ಪಾತ್ರೆಯ ಮೇಲೆ ಕಾಣುತ್ತಿತ್ತು. ಪಂಜಕ್ಕೆ ಐದು ಉಗುರುಗಳುಳ್ಳ ಡ್ರ್ಯಾಗನ್ ಚಕ್ರವರ್ತಿಯ ಲಾಂಛನ. ಮಂಚೂ ಅರಸರ (1644–1912) ಅಂತಃಪುರದಲ್ಲಿ ಒಳಹೊರಗೆಲ್ಲ ಹಳದಿಯಾದ ಬಟ್ಟಲು ರಾಜಮಾತೆಗೂ ಪಟ್ಟದರಸಿಗೂ ಮೀಸಲು. ಹೊರಗೆ ಹಳದಿ, ಒಳಗೆ ಬಿಳಿಯಾದುದು ಪಟ್ಟದರಸಿಯ ನಂತರದ ರಾಣಿಗೆ. ಹಳದಿಯ ಮೇಲೆ ಹಸಿರು ಡ್ರ್ಯಾಗನ್ ಇರುವುದು ಅವಳಿಗಿಂತ ಕೆಳಗಿನವರಿಗೆ. ಬಟ್ಟಲನ್ನು ಕಂಡೇ ಉಣ್ಣುವವಳ ಪದವಿಯನ್ನು ಹೇಳಬಹುದಾಗಿತ್ತು.

ಈ ಪಾತ್ರೆಗಳು ಸಿದ್ಧವಾಗುತ್ತಿದ್ದುದು ಜಿಯಾಂಗ್‌ಸಿ ಪ್ರಾಂತದ ಜಿಂಗ್‌ಡೆಜೆನ್ ಪಟ್ಟಣದ ಅರಸು ಆವಿಗೆಗಳಲ್ಲಿ. ಅರಮನೆಗೆ ಸಲ್ಲದ ಪಾತ್ರೆಗಳನ್ನು ಅಲ್ಲಿಯೇ ಒಡೆದು ಹೂಳುತ್ತಿದ್ದುದುಂಟು. 1980ರ ದಶಕದಲ್ಲಿ ನಡೆದ ಉತ್ಖನನಗಳಲ್ಲಿ ಅಂತಹ ಚೂರುಗಳು ರಾಶಿ ರಾಶಿಯಾಗಿ ದೊರೆತುವು.

ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಆಳ್ವಿಕೆಯಲ್ಲಿ (1572–1620) ಡ್ರ್ಯಾಗನ್ ಚಿತ್ರವುಳ್ಳ ಭಾರಿ ಗುಡಾಣಗಳಿಗೆ ಅಪ್ಪಣೆಯಾಯಿತು. ಅಷ್ಟು ದೊಡ್ಡ ಪಾತ್ರೆ ಬೇಯುವಾಗ ಬಿರಿಯದೆ, ಸೊಟ್ಟಗಾಗದೆ ಉಳಿಯುವುದು ಕಷ್ಟ. ಗುಡಾಣಗಳು ಮತ್ತೆ ಮತ್ತೆ ಕೆಟ್ಟುವು. ಅಧಿಕಾರಿಗಳ ಪೀಡೆಯೂ ಹೆಚ್ಚಿತು. ಜೊತೆಗಾರರ ಸಂಕಟವನ್ನು ನೋಡಲಾರದೆ ಟೋಂಗ್ ಬಿನ್ ಎಂಬ ಕುಂಬಾರನು 1599ರಲ್ಲಿ ಉರಿಯುವ ಆವಿಗೆಗೆ ಹಾರಿದನೆಂದೂ, ಆ ಬಳಿಕ ಗುಡಾಣ ಸರಿಯಾಗಿ ಬೆಂದಿತೆಂದೂ ಐತಿಹ್ಯ. ಊರವರು ಅವನಿಗೆ ಗುಡಿ ಕಟ್ಟಿಸಿ, ಬೆಂಕಿಯ ದೇವನೆಂದು ಪೂಜಿಸಿದರು.

18ನೆಯ ಶತಮಾನದಲ್ಲಿ ಆವಿಗೆಗಳ ಮೇಲ್ವಿಚಾರಕನಾಗಿ ಬಂದ ಟಾಂಗ್ ಯಿಂಗ್ ಕುಂಬಾರರೊಡನೆ ಬಾಳಿ ಕೆಲಸ ಕಲಿತವನು. ಮಠವೊಂದರ ಗೋಡೆಯ ಮೂಲೆಯಲ್ಲಿ ವಾನ್‌ಲಿ ಕಾಲದ ಡ್ರ್ಯಾಗನ್ ಗುಡಾಣವೊಂದು ಅವನ ಕಣ್ಣಿಗೆ ಬಿತ್ತು. ಊನವಾಯಿತೆಂದು ಅರಮನೆಗೆ ಸಲ್ಲದೆ ಉಳಿದಿದ್ದ ಪಾತ್ರೆ ಅದು. ಟಾಂಗ್ ಯಿಂಗ್ ಅದನ್ನು ಹೊರಿಸಿಕೊಂಡು ಬಂದು, ಟೋಂಗ್ ಬಿನ್ನನ ಗುಡಿಯ ಪಕ್ಕದಲ್ಲಿ ಎತ್ತರದ ಜಗತಿಯ ಮೇಲೆ ನಿಲ್ಲಿಸಿದನು. ಚಕ್ರವರ್ತಿಯ ಲಾಂಛನವನ್ನು ಹೊತ್ತ ಆ ಗುಡಾಣ ಕಡೆಗೆ ಸಂದುದು ಕುಂಬಾರನಿಗೆ.