‘ಓಡಿದರೆ ಸರಿಹೋಗುತ್ತೆ’ ಎಂಬ ದುಬಾರಿ ಸಲಹೆ

ಲಾರಿ ಎಂಜಿನ್ ಬೋರ್ ಮಾಡಿಸುವುದು ಒಂದೇ ಗಾಡಿ ನಂಬಿಕೊಂಡ ಮಾಲೀಕನಿಗೆ ಸಣ್ಣ ಖರ್ಚಲ್ಲ. ಗಾಡಿ ನಿಲ್ಲುತ್ತದೆ, ಬಾಡಿಗೆ ತಪ್ಪುತ್ತದೆ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹೊಸ ಲೈನರ್, ಪಿಸ್ಟನ್, ಬೇರಿಂಗ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಕೊನೆಗೂ ಸ್ಟಾರ್ಟ್ ಮಾಡಿದಾಗ ಒಳಗಿನಿಂದ ‘ಟಕ್ ಟಕ್’ ಎಂದು ಕೇಳಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆಗ ಗ್ಯಾರೇಜಿನಲ್ಲಿ ಕೇಳಿಬರುವ ಸಮಾಧಾನದ ಮಾತೊಂದಿದೆ: ‘ನಾಲ್ಕು ಟ್ರಿಪ್ ಓಡ್ಲಿ ಬಿಡಣ್ಣ, ತಾನಾಗೇ ಸರಿಹೋಗುತ್ತೆ.’

ಈ ಮಾತನ್ನು ಒಪ್ಪಬಾರದು. ಹೊಸ ರಿಂಗುಗಳು ಲೈನರಿಗೆ ಹೊಂದಿಕೊಳ್ಳಲು ಒಂದಷ್ಟು ಓಟ ಬೇಕು, ನಿಜ. ಓಡಿದಂತೆ ಆಯಿಲ್ ಖರ್ಚು ಇಳಿಯುತ್ತದೆ, ಹೊಗೆಯೂ ಕಡಿಮೆಯಾಗುತ್ತದೆ. ಆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಓಡಿ ವಾಸಿಯಾಗುವಂಥದ್ದಲ್ಲ. ಹಾಗೆಂದು ಮರುಕ್ಷಣವೇ ಎಂಜಿನ್ ಇಳಿಸಿ ಬಿಚ್ಚುವುದೂ ತಪ್ಪು; ಸದ್ದು ಎಲ್ಲಿಯದೆಂದು ಗೊತ್ತಿಲ್ಲದೆ ಬಿಚ್ಚಿದರೆ ಸರಿಯಾಗಿ ಕೂತಿದ್ದ ಭಾಗಗಳೂ ಕೆಡುತ್ತವೆ.

ಮೊದಲು ನೋಡಬೇಕಾದ್ದು ಆಯಿಲ್ ಪ್ರೆಷರ್. ಅದು ಏಳದಿದ್ದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಬೇಕು, ಅಲ್ಲಿ ಬೇರೆ ಚರ್ಚೆಯೇ ಇಲ್ಲ. ಪ್ರೆಷರ್ ಸರಿಯಿದ್ದರೆ ಕಿವಿಗೆ ಕೆಲಸ.

ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ದುಡಿದಿರುವ ಟಾಟಾ ಲಾರಿಗಳ ಕಮಿನ್ಸ್ 6ಬಿಟಿ ಎಂಜಿನ್ನನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರ್, 5.9 ಲೀಟರ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಮೇಲಿನಿಂದ ಸಣ್ಣಗೆ, ಸ್ವಲ್ಪ ನಿಧಾನವಾಗಿ ಕೇಳುವ ‘ಟಿಕ್ ಟಿಕ್’ ಸಾಮಾನ್ಯವಾಗಿ ಟ್ಯಾಪೆಟ್‌ನದು. ತಣ್ಣಗಿರುವಾಗ ಇನ್‌ಲೆಟ್ ವಾಲ್ವಿಗೆ 0.25 ಮಿ.ಮೀ., ಎಕ್ಸಾಸ್ಟ್ ವಾಲ್ವಿಗೆ 0.51 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜ್ ಹಿಡಿದು ಇದನ್ನು ನೋಡುವುದು ಅರ್ಧ ದಿನದ ಕೆಲಸವೂ ಅಲ್ಲ. ಆದರೂ ಎಷ್ಟೋ ಕಡೆ ಕೈಯಲ್ಲಿ ಅಲ್ಲಾಡಿಸಿ ‘ಸರಿಯಿದೆ’ ಎಂದುಬಿಡುತ್ತಾರೆ.

ಸದ್ದು ಭಾರವಾಗಿದ್ದರೆ ಮುಂದಿನ ಹೆಜ್ಜೆ ಹಳೇ ಮಿಸ್ತ್ರಿಗಳು ಚೆನ್ನಾಗಿ ಬಲ್ಲ ವಿದ್ಯೆ. ಎಂಜಿನ್ ಸಣ್ಣಗೆ ಓಡುತ್ತಿರುವಾಗ ನಾಝಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು. ಡೀಸೆಲ್ ಹೊರಗೆ ಒಸರುತ್ತದೆ, ಆ ಸಿಲಿಂಡರ್ ಫೈರ್ ಆಗುವುದಿಲ್ಲ. ನಾಲ್ಕನೆಯದನ್ನು ಸಡಿಲಿಸಿದಾಗ ಬಡಿತ ತಗ್ಗಿತೆನ್ನಿ, ಹುಡುಕಾಟ ಆರು ಸಿಲಿಂಡರಿನಿಂದ ಒಂದಕ್ಕೆ ಇಳಿಯಿತು. ಬಳಿಕ ಅಲ್ಲಿನ ನಾಝಲ್ಲನ್ನು ಎರಡನೆಯದಕ್ಕೆ ಅದಲು ಬದಲು ಮಾಡಬೇಕು. ಸದ್ದು ನಾಝಲ್ ಜೊತೆಗೇ ಹೋದರೆ ಕೆಟ್ಟಿರುವುದು ನಾಝಲ್. ನಾಲ್ಕರಲ್ಲೇ ಉಳಿದರೆ ಪಿಸ್ಟನ್, ಪಿನ್ ಅಥವಾ ಕನೆಕ್ಟಿಂಗ್ ರಾಡ್ ಬೇರಿಂಗ್ ಕಡೆ ನೋಡಬೇಕು. ಯಾವ ಸಿಲಿಂಡರಿನ ನಟ್ಟು ಸಡಿಲಿಸಿದರೂ ಬದಲಾಗದೆ, ಎಲ್ಲೆಡೆ ಒಂದೇ ಸಮ ಗಡಸಾಗಿ ಬಡಿಯುತ್ತಿದ್ದರೆ ಪಂಪಿನ ಟೈಮಿಂಗ್ ಮುಂದಾಗಿ ಕೂತಿರಬಹುದು. (ಕಾಮನ್ ರೈಲ್ ಎಂಜಿನ್ನುಗಳಲ್ಲಿ ಈ ಪ್ರಯೋಗ ಖಂಡಿತ ಕೂಡದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ. ಅವಕ್ಕೆ ಸ್ಕ್ಯಾನರ್ ಹಾಕಿಯೇ ಸಿಲಿಂಡರ್ ಕಟ್ ಮಾಡಬೇಕು.)

ಇನ್ನೊಂದು ಭಾಗವನ್ನು ಬಹಳ ಮಂದಿ ಮರೆಯುತ್ತಾರೆ: ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್. ಅದಕ್ಕೂ ಪಿಸ್ಟನ್ ಇದೆ, ರಾಡ್ ಇದೆ, ಬೇರಿಂಗ್ ಇದೆ. ಟೈಮಿಂಗ್ ಗೇರಿಗೆ ಕೂಡಿಕೊಂಡು ತಿರುಗುವುದರಿಂದ ಅದರ ಬಡಿತ ಎಂಜಿನ್ನಿನ ಒಳಗಿಂದಲೇ ಬಂದಂತೆ ಕೇಳುತ್ತದೆ. ಟ್ಯಾಂಕ್ ತುಂಬಿ ಗಾಳಿ ಕಟ್ ಆದ ಕೂಡಲೇ ಸದ್ದು ಬದಲಾದರೆ ಅನುಮಾನ ಕಂಪ್ರೆಸರ್ ಮೇಲೆ. ಇಷ್ಟನ್ನು ಗಮನಿಸದೆ ಒಳ್ಳೆಯ ಕ್ರ್ಯಾಂಕನ್ನು ಮತ್ತೆ ಲೇತಿಗೆ ಕಳಿಸುವುದು ಅನ್ಯಾಯ. ಕ್ಲಚ್ ತುಳಿದಾಗ ಸದ್ದು ಬದಲಾದರೆ ಅದು ಬೇರೆಯದೇ ಕಥೆ, ಎಂಜಿನ್ ಮುಟ್ಟುವ ಅಗತ್ಯವೇ ಇರಲಾರದು.

ಬೇರಿಂಗ್ ಮೇಲೆ ಅನುಮಾನ ಗಟ್ಟಿಯಾದರೆ ಆಯಿಲ್ ಫಿಲ್ಟರನ್ನು ಕೊಯ್ದು ಬಿಡಿಸಿ ಬಿಸಿಲಿಗೆ ಹಿಡಿದು ನೋಡಬೇಕು. ಕಾಗದದ ಮಡಿಕೆಗಳ ನಡುವೆ ಅಯಸ್ಕಾಂತಕ್ಕೆ ಅಂಟದ ತಾಮ್ರದ ಬಣ್ಣದ ಚೂರುಗಳಿದ್ದರೆ ಬೇರಿಂಗ್ ತಿನ್ನಲು ಶುರುವಾಗಿದೆ ಎಂದರ್ಥ. ಗಾಡಿ ಇನ್ನೊಂದು ಮೈಲಿಯೂ ಓಡಬಾರದು.

ಇಷ್ಟಾದ ಮೇಲೂ ಉಳಿಯುವ ಜಗಳ ತಪ್ಪು ಯಾರದ್ದೆಂಬುದು. ಮಿಸ್ತ್ರಿ ಲೇತಿನವನನ್ನು ತೋರಿಸುತ್ತಾನೆ, ಲೇತಿನವನು ಸ್ಪೇರ್ ಅಂಗಡಿಯನ್ನು, ಅಂಗಡಿಯವನು ಡ್ರೈವರನ್ನು. ನಡುವೆ ಮಾಲೀಕ ಎರಡನೇ ಸಲ ದುಡ್ಡು ಎಣಿಸುತ್ತಾನೆ. ಕ್ರ್ಯಾಂಕ್ 0.25 ಅಂಡರ್‌ಸೈಜೋ 0.50 ಅಂಡರ್‌ಸೈಜೋ, ಹಾಕಿದ ಬೇರಿಂಗ್ ಅದಕ್ಕೆ ಹೊಂದಿದ್ದೇ, ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆದ್ದಿತ್ತು, ರಾಡಿನ ನಂಬರಿಗೂ ಕ್ಯಾಪಿನ ನಂಬರಿಗೂ ತಾಳೆ ನೋಡಿದ್ದರೇ? ಬರೆದಿಟ್ಟಿದ್ದರೆ ಈ ಪ್ರಶ್ನೆಗಳಿಗೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಒಳ್ಳೆಯ ಮಿಸ್ತ್ರಿಗೆ ಇದರಿಂದ ನಷ್ಟವಿಲ್ಲ, ಅವನ ಕೆಲಸಕ್ಕೆ ಅದೇ ಸಾಕ್ಷಿ.

ಲಾರಿ ಮಾಲೀಕರ ಸಂಘಗಳು ಇಂಥದ್ದೊಂದು ಅಳತೆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಲಿ. ಎಂಜಿನ್ ಬಿಚ್ಚಲು ಕೊಡುವ ದಿನವೇ ಮಾಲೀಕರು ಅದನ್ನು ಮಿಸ್ತ್ರಿಯ ಕೈಗಿಡಲಿ. ತುಂಬಿದ ಪಟ್ಟಿಗೆ ಸಹಿ ಬೀಳುವವರೆಗೆ ಬಾಕಿ ಹಣ ಕೊಡಬೇಡಿ.