ದೂರ ಕೇಳಬೇಡಿ, ದಾರಿ ಕೇಳಿ

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಕೇಳಿದರೆ ಫೋನು ಥಟ್ಟನೆ ಹೇಳುತ್ತದೆ: ಸುಮಾರು 12,400 ಕಿಲೋಮೀಟರ್. ಲೆಕ್ಕ ಸರಿಯೇ. ವಿಮಾನ ಮಾತ್ರ ಆ ಗೆರೆಯ ಮೇಲೆ ಹೋಗುವುದಿಲ್ಲ.

ಒಂದು ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿ. ಅದು ಹಿಮಾಲಯ ದಾಟಿ, ಸೈಬೀರಿಯಾದ ಮೇಲೆ ಹಾದು, ಆರ್ಕ್‌ಟಿಕ್ ಸಾಗರವನ್ನು ಮುಟ್ಟಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ. ಹಿಮಾಲಯ, ಟಿಬೆಟ್‌ಗಳ ಮೇಲೆ ಹಾರಲು ವಿಮಾನಗಳು ಹಿಂಜರಿಯುತ್ತವೆ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಯಬೇಕು; ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ಈ ನೇರ ವಿಮಾನ ಶುರುಮಾಡಿದಾಗ ಹಿಡಿದದ್ದು ಪಶ್ಚಿಮದ, ಅಟ್ಲಾಂಟಿಕ್ ದಾರಿ. ಸುಮಾರು 13,900 ಕಿಲೋಮೀಟರ್, ಹದಿನಾರು ಗಂಟೆಗೂ ಹೆಚ್ಚು. ಮರುವರ್ಷ ಅಕ್ಟೋಬರಿನಲ್ಲಿ ಅದೇ ವಿಮಾನ ಪೂರ್ವಕ್ಕೆ ಮುಖ ಮಾಡಿ ಪೆಸಿಫಿಕ್ ಮೇಲೆ ಹೋಯಿತು. 15,300 ಕಿಲೋಮೀಟರ್ ಹಾರಿ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ದೂರ, ಹೆಚ್ಚುಕಡಿಮೆ ಎರಡು ಗಂಟೆ ಉಳಿತಾಯ! ಕಾರಣ ಗಾಳಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಕೆಲವೊಮ್ಮೆ ಗಂಟೆಗೆ ಇನ್ನೂರು ಕಿಲೋಮೀಟರ್ ಮೀರುತ್ತದೆ. ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ನಷ್ಟ.

ಗಾಳಿಯ ಜೊತೆಗೆ ರಾಜಕೀಯವೂ ಇದೆ. 2022ರಿಂದ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ನಮ್ಮವುಗಳಿಗೆ ತೆರೆದಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟವು ಅರಬ್ಬೀ ಸಮುದ್ರದ ಕಡೆಗೆ ಬಳಸಿ ಹೋಗಬೇಕಾಯಿತು. ಅಮೆರಿಕದ ಕೆಲವು 'ನೇರ' ವಿಮಾನಗಳು ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಂಧನಕ್ಕೆ ಇಳಿದವು. ಊರುಗಳು ಇದ್ದಲ್ಲೇ ಇದ್ದವು, ಪ್ರಯಾಣ ಮಾತ್ರ ಉದ್ದವಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಟಿಕೆಟಿನ ಮೇಲೆ ಒಂದೇ ಒಂದು ಅವಧಿ ಅಚ್ಚಾಗುತ್ತದೆ, ಅದೇನೋ ಶಿಲಾಶಾಸನ ಎಂಬಂತೆ. ಇದಕ್ಕೆ ನನ್ನ ತಕರಾರಿದೆ. ಮೊಮ್ಮಗುವಿನ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತುವ ಅಜ್ಜಿಗೆ ಸಕ್ಕರೆ ಕಾಯಿಲೆ ಇರಬಹುದು. ಇನ್ಸುಲಿನ್ ಯಾವಾಗ, ಊಟ ಯಾವಾಗ ಎಂದು ಮಗಳು ಚೀಟಿ ಬರೆದುಕೊಡುವುದು ಆ ಒಂದು ಸಂಖ್ಯೆಯನ್ನು ನಂಬಿ. ನಡುವೆ ಇನ್ನೆಲ್ಲೋ ಇಳಿದು, ಸೀಟಿನಲ್ಲೇ ಕೂತು ಕಾಯುವ ಹೊತ್ತು ಆ ಚೀಟಿಯಲ್ಲಿರುವುದಿಲ್ಲ. ಆಕಾಶದಿಂದ ಬಂದ ಪ್ರಕಟಣೆ ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿದ್ದರಂತೂ ಆತಂಕ ಬೇರೆ.

ಗಾಳಿಯನ್ನೂ ಯುದ್ಧವನ್ನೂ ಕಂಪನಿ ನಿಲ್ಲಿಸಲಾಗದು, ಒಪ್ಪಿದೆ. ಆದರೆ ಈ ತಿಂಗಳು ಯಾವ ದಾರಿ, ಕಳೆದ ಕೆಲವು ವಾರ ಬೇಗ ಎಂದರೆ ಎಷ್ಟು ಹೊತ್ತು ಹಿಡಿಯಿತು, ತಡ ಎಂದರೆ ಎಷ್ಟು, ಇಂಧನಕ್ಕೆ ಇಳಿಯುವ ಸಂಭವ ಇದೆಯೇ ಎಂಬುದೆಲ್ಲ ಅವರ ಬಳಿ ಇದೆ. 'ನೇರ' ಎಂಬ ಪದಕ್ಕೆ ಹೆಚ್ಚು ದುಡ್ಡು ತೆಗೆದುಕೊಳ್ಳುವವರು ಇವನ್ನೂ ದುಡ್ಡು ಕಟ್ಟುವ ಮೊದಲೇ, ಬೆಲೆಯ ಪಕ್ಕದಲ್ಲೇ ತೋರಿಸಲಿ. ಅಲ್ಲಿಯವರೆಗೆ ಅಮ್ಮನ ಕೈಚೀಲದಲ್ಲಿ ಇನ್ನೊಂದು ಹೊತ್ತಿನ ಮಾತ್ರೆ, ನಾಲ್ಕು ಚಪಾತಿ ಹೆಚ್ಚಿಗೇ ಇಟ್ಟು ಕಳಿಸಿ.